ಪಿಸುಮಾತಿನ ತಟ್ಟೆಗೆ ಉಡಿಸಿದ ಸೀರೆ

"ಈ ಯಮ್ಮಗ ಬ್ಯಾರೆ ಕೆಲಸ ಇಲ್ಲ ನೋಡು. ಹಬ್ಬದ ಹೋಳಿಗಿ ಇನ್ನಾ ಹೊಟ್ಟ್ಯಾಗ ಅದಾವು, ಉರಿಬಿಸಿಲಾಗ ತಂದು ನಿಂದ್ರಿಸ್ಯಾಳ."

ಕಿವಿಯೊಳಗೇ ಬಂದು ಹೇಳಿದಷ್ಟು ಸ್ಪಷ್ಟವಾಗಿತ್ತು ಮಾತು. ಹೇಳಿದ ಪೇದೆ ಮೈಲಾರೇಶನಾದರೋ ತೋಟದ ಪಡುವಣ ತುದಿಯಲ್ಲಿ, ಹುಲ್ಲಿನ ಹಾಸನ್ನೆಲ್ಲ ದಾಟಿ, ಆಳೆತ್ತರದ, ಒಳಗೆ ಬಾಗಿದ ಸಿಮೆಂಟಿನ ತಟ್ಟೆಯೊಂದಕ್ಕೆ ಮುಖ ಕೊಟ್ಟು ನಿಂತಿದ್ದ. ಮೂಡಣ ತುದಿಯಲ್ಲಿ, ಆ ದನಿಯನ್ನು ಹಿಡಿದು ಕಿವಿಗೆ ಕೊಡುವ ಅದರ ಜೋಡಿ ತಟ್ಟೆಯ ಮುಂದೆ ಎಎಸ್‌ಐ ಎರ್ರೆಮ್ಮ ನಿಂತಿದ್ದಳು.

ತಟ್ಟೆಯ ಮುಂದೆ ಚಾಚಿಕೊಂಡಿದ್ದ ಕಬ್ಬಿಣದ ಉಂಗುರಕ್ಕೆ ಅವಳು ಬಾಯಿಟ್ಟಳು. "ಮೈಲಾರೇಶ, ಹೋಳಿಗಿ ಕರಗೋ ತನಕ ಅಲ್ಲೇ ನಿಂದ್ರು."

ಆಚೆ ತುದಿಯಲ್ಲಿ ಮೈಲಾರೇಶ ಬೆಚ್ಚಿಬಿದ್ದು ಟೋಪಿ ಸರಿಮಾಡಿಕೊಂಡ. ಬೇರೆ ದಿನವಾಗಿದ್ದರೆ ಎರ್ರೆಮ್ಮ ನಕ್ಕುಬಿಡುತ್ತಿದ್ದಳು. ಈ ವಾರ ಅವಳಿಗೆ ನಗು ಬರುತ್ತಿರಲಿಲ್ಲ.

ತಟ್ಟೆ ಕೆಲಸ ಮಾಡುತ್ತದೆ ಎನ್ನುವುದೇ ಅವಳ ಸಂಕಟ. ಈ ತಟ್ಟೆಯ ಸಾಕ್ಷಿಯ ಮೇಲೆಯೇ ವೆಲ್ಡಿಂಗ್ ಕೆಲಸದ ಫಿರೋಜ್ ಕೊಲೆಗಾರನೆಂದು ಲಾಕಪ್ಪಿನಲ್ಲಿ ಕೂತಿದ್ದ. ಅವನನ್ನು ಪೊಲೀಸರ ವಶಕ್ಕೆ ಕೊಟ್ಟ ಅವಧಿ ನಾಳೆಗೆ ಮುಗಿಯುತ್ತದೆ. ನಾಳೆ ನ್ಯಾಯಾಲಯ, ಅಲ್ಲಿಂದ ಜೈಲು. ಒಮ್ಮೆ ಆ ಬಾಗಿಲು ದಾಟಿದ ಬಡವ ಹೊರಗೆ ಬರುವಷ್ಟರಲ್ಲಿ ಹೆಂಡತಿ ಮಕ್ಕಳ ಗತಿ ಏನಾಗಿರುತ್ತದೆ ಎಂದು ಎರ್ರೆಮ್ಮ ಸರ್ವಿಸ್ಸಿನುದ್ದಕ್ಕೂ ಕಂಡವಳು.

ಸತ್ತವರು ಹಾಲೇಶಪ್ಪ ಮೇಷ್ಟ್ರು. ಕೊಟ್ಟೂರಿನ ಹೊರಗೆ ಪಾಳು ಬಿದ್ದಿದ್ದ ಈ ಜಾಗವನ್ನು 'ಅರಿವಿನ ತೋಟ' ಮಾಡಿದವರು. ನಿವೃತ್ತಿಯಾದ ಮೇಲೆ ಎಲ್ಲರೂ ಕಟ್ಟೆಗೆ ಕೂತು ಊರ ಸುದ್ದಿ ಮಾತಾಡುವಾಗ, ಈ ಮನುಷ್ಯ ಫಿರೋಜನನ್ನು ಹಿಡಿದುಕೊಂಡು, ಕೂತವರೇ ಹಗ್ಗ ಎಳೆದು ಮೇಲೇರುವ ರಾಟೆ ಕುರ್ಚಿ, ನೆರಳಿನ ಗಡಿಯಾರ, ಆನೆ ಎತ್ತುವ ಸನ್ನೆಕೋಲು ಎಂದು ಒಂದೊಂದೇ ನಿಲ್ಲಿಸುತ್ತ ಹೋದರು. ಬೆಳಿಗ್ಗೆ ವಾಕಿಂಗಿಗೆ ಬರುವ ಹಿರಿಯರಿಗೆ ನೆರಳಿನ ಪಾಠ, ಸಂಜೆ ಮಕ್ಕಳಿಗೆ ರಾಟೆಯ ಪಾಠ, ಶುಕ್ರವಾರ ಹೆಣ್ಣುಮಕ್ಕಳಿಗೆ ಅಂತಲೇ ಒಂದು ತರಗತಿ. ಗೇಟಿನ ಮೇಲೆ ಬೇರೆ ಉದ್ಯಾನಗಳಲ್ಲಿರುವ ಬೋರ್ಡಿಗೆ ತದ್ವಿರುದ್ಧ ಬೋರ್ಡು ಬರೆಸಿದ್ದರು: 'ಎಲ್ಲವನ್ನೂ ಮುಟ್ಟಿ ನೋಡಿ.'

ಈಗ ಅದೇ ಗೇಟಿಗೆ ಇಲಾಖೆಯವರು ಕಟ್ಟಿದ ಪಟ್ಟಿ ನೇತಾಡುತ್ತಿತ್ತು. ಯಾರೂ ಏನನ್ನೂ ಮುಟ್ಟುವಂತಿರಲಿಲ್ಲ.

ಆಯುಧ ಪೂಜೆಯ ಸಂಜೆ ಮೇಷ್ಟ್ರು ರಾಟೆ ಕುರ್ಚಿಯಿಂದ ಬಿದ್ದು, ಕಲ್ಲಿಗೆ ತಲೆ ಒಡೆದು ಸತ್ತಿದ್ದರು. ಹಗ್ಗ ತಾನಾಗಿ ಬಿಚ್ಚಿರಲಿಲ್ಲ, ಮೇಲಿನ ಕೊಂಡಿಯ ಬೋಲ್ಟನ್ನು ಯಾರೋ ಸಡಿಲಿಸಿದ್ದರು. ತೋಟದ ಸಮಿತಿಯ ಕಾರ್ಯದರ್ಶಿ ಕನಕರಾಜ ಮುಂದೆ ಬಂದು ಹೇಳಿಕೆ ಕೊಟ್ಟ. ತಾನು ಆ ಸಂಜೆ ಪಡುವಣ ತಟ್ಟೆಯ ಮುಂದೆ ಕೂತಿದ್ದೆ. ಮೂಡಣ ತಟ್ಟೆಯ ಹತ್ತಿರ ಮೇಷ್ಟ್ರು 'ಫಿರೋಜಾ, ಬ್ಯಾಡೋ, ಹಗ್ಗ ಬಿಡೋ' ಎಂದದ್ದು ತಟ್ಟೆಯಿಂದ ನೇರ ತನ್ನ ಕಿವಿಗೆ ಬಿತ್ತು ಎಂದ.

ಠಾಣೆಯ ಸಾಹೇಬರು ಮರುದಿನವೇ ಬಂದು ತಟ್ಟೆ ಪರೀಕ್ಷಿಸಿದರು. ಒಬ್ಬರು ಆ ಕಡೆ, ಒಬ್ಬರು ಈ ಕಡೆ ನಿಂತು ಪಿಸುಗುಟ್ಟಿ, ಮಕ್ಕಳ ಹಾಗೆ ಖುಷಿಪಟ್ಟು ಹೋದರು. ಬೋಲ್ಟು ಬಿಗಿಯುವ ಕೆಲಸ ಫಿರೋಜನದೇ, ಸ್ಪ್ಯಾನರ್ ಅವನದೇ. ಮತ್ತಿನ್ನೇನು ಬೇಕು? ಎರ್ರೆಮ್ಮನಿಗೆ ಕಾಗದ ಪತ್ರ ಜೋಡಿಸುವುದಷ್ಟೇ ಬಿಟ್ಟರು.

ಅವಳು ಜೋಡಿಸಲಿಲ್ಲ. ಮೇಷ್ಟ್ರ ಶುಕ್ರವಾರದ ತರಗತಿಗೆ ಒಮ್ಮೆ ಯೂನಿಫಾರ್ಮಿನಲ್ಲೇ ಹೋಗಿ ಕೂತಿದ್ದಳು. ಯಾರ ಮಾತನ್ನೂ ನಂಬಬ್ಯಾಡ್ರಿ, ನನ್ನ ಮಾತನ್ನೂ, ಮಾಡಿ ನೋಡ್ರಿ ಎಂದಿದ್ದರು ಆ ಮುದುಕರು. ಅಂಥವರ ಸಾವಿನಲ್ಲಿ ಊರಿಗೆ ಊರೇ ಒಬ್ಬನ ಬಾಯಿಮಾತು ನಂಬಿ ಕೂತಿತ್ತು.

ಕೈಯಾಡಿಸುತ್ತ ತಟ್ಟೆಯ ಹಿಂಬದಿಗೆ ಬಂದವಳು ನಿಂತಳು. ಉಂಗುರವನ್ನು ಹಿಡಿದಿದ್ದ ಸರಳಿನ ಬುಡದಲ್ಲಿ ಒಂದು ಪಿನ್ನು ಸಿಕ್ಕಿಕೊಂಡಿತ್ತು. ಹೆಂಗಸರು ಸೆರಗಿಗೆ ಹಾಕುವ ಪಿನ್ನು. ಅದರ ಬಾಯಲ್ಲಿ ಹಸಿರು ರೇಷ್ಮೆಯ ಎಳೆ. ಕೆಳಗೆ ಸಿಮೆಂಟಿನ ಸಂದಿಯಲ್ಲಿ ಒಣಗಿದ ಚೆಂಡುಹೂವಿನ ಎಸಳುಗಳು.

ತಟ್ಟೆಗೆ ಪಿನ್ನೇಕೆ ಬೇಕಾಯಿತು?

*

ಗೇಟಿನ ಹೊರಗೆ ಹೂವಿನ ಬುಟ್ಟಿ ಇಟ್ಟುಕೊಂಡು ಕೂರುವ ಕೊಟ್ರಬಸಮ್ಮ ಶುಕ್ರವಾರದ ತರಗತಿಯ ಮುಂದಾಳು. ಪಿನ್ನು ಕಂಡದ್ದೇ ಅವಳ ಕೈಯಲ್ಲಿದ್ದ ಮಾಲೆ ನಿಂತಿತು.

"ನಂಗೇನೂ ಗೊತ್ತಿಲ್ರಿ ಅಕ್ಕಾರ."

"ನಾನಿನ್ನಾ ಏನೂ ಕೇಳೇ ಇಲ್ಲಲ್ಲವ್ವಾ," ಎಂದು ಎರ್ರೆಮ್ಮ ಅವಳ ಪಕ್ಕದಲ್ಲೇ ನೆಲಕ್ಕೆ ಕೂತಳು. "ಬೆಳಿಗ್ಗೆ ಠಾಣ್ಯಾಗ ನಜಮುನ್ನೀಸಾನ ನೋಡಿ ಬಂದೆ. ಫಿರೋಜನ ತಾಯಿ. ಬೆಂಚಿನ ಮ್ಯಾಲೆ ಕುಂತಾಕಿ ಎದ್ದಿಲ್ಲ. ಸೊಸಿ ಬಾಣಂತನಕ್ಕ ಹರಪನಹಳ್ಳಿಗೆ ಹೋಗ್ಯಾಳ. ಮಗನ ಮುಖ ನೋಡಬೇಕೋ, ಮೊಮ್ಮಗಳನ್ನ ನೋಡಬೇಕೋ ಆ ಮುದಿಜೀವ?"

ನಿಜಕ್ಕೂ ಆ ಬೆಂಚಿನ ಮುಂದೆ ಹಾದುಹೋಗುವುದೇ ಎರ್ರೆಮ್ಮನಿಗೆ ಕಷ್ಟವಾಗಿತ್ತು. ಒಂದೇ ಒಂದು ಸಮಾಧಾನವೆಂದರೆ ಕನಕರಾಜನ ಹೆಂಡತಿ ಪುಷ್ಪಲತಾ. ಗಂಡ ಸಾಕ್ಷಿ ಹೇಳಿದ, ಹೆಂಡತಿ ಮಾತ್ರ ದಿನವೂ ಲಾಕಪ್ಪಿಗೆ ಬುತ್ತಿ ತರುತ್ತಿದ್ದಳು. ಫಿರೋಜನ ಶಾಲೆಗೆ ಹೋಗುವ ಮಗಳು ಜರೀನಾಳನ್ನು ತನ್ನ ಮನೆಯಲ್ಲೇ ಇಟ್ಟುಕೊಂಡು ತಲೆ ಬಾಚಿ, ಹೊಟ್ಟೆಗೆ ಹಾಕುತ್ತಿದ್ದಳು. 'ಆಕಿ ಇರಲಿಲ್ಲಂದ್ರ ನಮ್ಮ ಕೂಸಿನ ಗತಿ ಏನಿತ್ತಕ್ಕಾ' ಎಂದು ನಜಮುನ್ನೀಸಾ ಕಣ್ಣೊರೆಸಿಕೊಂಡಿದ್ದಳು. ಆ ಮನೆಯಲ್ಲಿ ಒಬ್ಬರಾದರೂ ಮನುಷ್ಯರಿದ್ದಾರಲ್ಲ ಎಂದು ಎರ್ರೆಮ್ಮನೂ ಅಂದುಕೊಂಡಿದ್ದಳು.

ಕೊಟ್ರಬಸಮ್ಮ ಹೂವಿನ ಮೇಲೆ ನೀರು ಚಿಮುಕಿಸಿದಳು. ಮತ್ತೆ ಚಿಮುಕಿಸಿದಳು. ಆಮೇಲೆ ಸೆರಗು ಬಾಯಿಗೆ ಹಿಡಿದು ಅಳತೊಡಗಿದಳು.

"ನಾವು ತಟ್ಟಿಗೆ ಸೀರಿ ಉಡಿಸಿದ್ವಿ ಅಕ್ಕಾರ."

"ಏನು?"

"ಆಯುಧ ಪೂಜಿ ಅಲ್ರಿ? ಟ್ರ್ಯಾಕ್ಟರಿಗೆ ಮಾಡ್ತಾರ, ಹೊಲಿಗಿ ಮಿಷನ್ನಿಗೆ ಮಾಡ್ತಾರ. ನಮಗೆ ಪಾಠ ಹೇಳಿದ ಸಾಮಾನಿಗೆ ನಾವು ಮಾಡಬಾರದೇನು ಅಂತ ಮೇಷ್ಟ್ರನ್ನ ಕೇಳಿದ್ವಿ. ಮೊದಲು ಬ್ಯಾಡ ಅಂದ್ರು, ಆಮ್ಯಾಲೆ ನಕ್ಕು ಒಪ್ಪಿದ್ರು. ಆ ತಟ್ಟಿ ನೋಡ್ರಿ, ದುಂಡಗ ಬೆಳ್ಳಗ ದೇವಿ ಮಕದಂಗ ಐತಿ. ಅದಕ್ಕ ಸೀರಿ ಉಡಿಸಿ, ನೆರಿಗಿ ಹಿಡಿದು, ಒಳಗೆಲ್ಲ ಚೆಂಡುಹೂವು ತುಂಬಿ, ಉಡಿ ಕಟ್ಟಿ, ಆರತಿ ಮಾಡಿ ಮನಿಗೆ ಹೋದ್ವಿ. ಪೂಜಿ ಆದಮ್ಯಾಲೆ ನಾಳಿ ತನಕ ಯಾರೂ ಮುಟ್ಟಂಗಿಲ್ಲ ಅಂತ ಮೇಷ್ಟ್ರೇ ಅಂದಿದ್ರು."

"ಮರುದಿನ ನಾವು ಬಂದಾಗ ತಟ್ಟಿ ಬರಿದಿತ್ತಲ್ಲ?"

"ನಾನೇ ಬಿಚ್ಚಿದೆ. ಬೆಳಕು ಹರಿಯೋ ಹೊತ್ತಿಗೆ ಬಂದೆ, ಅಷ್ಟೊತ್ತಿಗೆ ವಾಕಿಂಗಿನವ್ರು ಮೇಷ್ಟ್ರು ಸತ್ತಾರಂತ ಒದರಾಕ ಹತ್ತಿದ್ರು. ಕೈಕಾಲು ತಣ್ಣಗಾದ್ವು. ನಮ್ಮ ಪೂಜಿನೇ ಅವರನ್ನ ತಗೊಂತು ಅಂತಾರ ಮಂದಿ. ಹೆಂಗಸರು ಎಲ್ಲಾ ಸೇರಿ ಗೊತ್ತಿಲ್ದ ದೇವಿನ ಎಬ್ಬಿಸಿದ್ರು ಅಂತಾರ. ಸೀರಿ ಹೂವು ಉಡ್ಯಾಗ ಹಾಕ್ಕೊಂಡು ಓಡಿಬಿಟ್ಟೆ. ಬಾಯಿ ಬಿಡಂಗಿಲ್ಲ ಅಂತ ಎಲ್ಲಾರೂ ಆಣಿ ಹಾಕ್ಕೊಂಡೀವಿ."

ಎರ್ರೆಮ್ಮನಿಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು. ತಬ್ಬಿಕೊಳ್ಳಬೇಕೆಂದೂ ಅನಿಸಿತು. ವರ್ಷಗಟ್ಟಲೆ 'ಮಾಡಿ ನೋಡಿ' ಎಂದು ಕಲಿಸಿದ ಮೇಷ್ಟ್ರ ಹೆಣದ ಮುಂದೆ ಇವರು ಹೆದರಿದ್ದು ಸಿಮೆಂಟಿನ ತಟ್ಟೆಗೆ! ಇವರ ಹೆದರಿಕೆಗೆ ಅಲ್ಲೊಬ್ಬ ಕಂಬಿ ಎಣಿಸುತ್ತಿದ್ದಾನೆ.

ಎದ್ದು ಹೋಗಿ ತನ್ನ ಬೈಕಿನ ಮೇಲಿದ್ದ ಶಾಲು ತಂದಳು. ಮೂಡಣ ತಟ್ಟೆಗೆ ಅದನ್ನು ಹೊದಿಸಿ, ಮಾತಾಡುತ್ತಲೇ ಇರು ಎಂದು ಕೊಟ್ರಬಸಮ್ಮನನ್ನು ಅದರ ಮುಂದೆ ನಿಲ್ಲಿಸಿ, ತಾನು ಪಡುವಣ ತುದಿಗೆ ನಡೆದಳು. ಕಿವಿಯಿಟ್ಟಳು. ಗಿಳಿಗಳ ಕಿಚಪಿಚ ಬಿಟ್ಟರೆ ಏನೂ ಇಲ್ಲ. ಒಂದು ಶಾಲಿಗೇ ಮಾತು ಸತ್ತುಹೋಗಿತ್ತು. ಅವತ್ತು ಸೀರೆ, ಉಡಿ, ಬುಟ್ಟಿಗಟ್ಟಲೆ ಹೂವು.

ಸಾಹೇಬರ ಪರೀಕ್ಷೆ ಸರಿಯಾಗಿಯೇ ಇತ್ತು. ಮಾಡಿದ ದಿನ ಮಾತ್ರ ಬೇರೆ. ಮೈಲಾರೇಶನನ್ನು ಕರೆದುಕೊಂಡು ಅವಳು ಮೂಡಣ ತುದಿಗೆ ಮರಳಿದಳು.

"ಕೊಟ್ರಬಸಮ್ಮ, ಆ ಸೀರಿ ಎಲ್ಲೈತಿ?"

"ಮನ್ಯಾಗ ಐತ್ರಿ. ಗಂಟು ಬಿಚ್ಚಿಲ್ಲ."

"ತಗೊಂಡು ಬಾ. ಮೈಲಾರೇಶ, ಕನಕರಾಜಗ ಫೋನ್ ಹಚ್ಚು. ಒಂದು ಸಹಿ ಬಾಕಿ ಐತಿ ಅನ್ನು."

*

ಕನಕರಾಜ ಬಿಳಿ ಅಂಗಿಗೆ ಗಂಜಿ ಹಾಕಿಸಿ ಇಸ್ತ್ರಿ ಮಾಡಿಸುವ ಮನುಷ್ಯ. ಕೊಟ್ಟೂರಿನಲ್ಲಿ ಅಂಗಡಿ, ಹಗರಿಬೊಮ್ಮನಹಳ್ಳಿಯಲ್ಲಿ ಗೋದಾಮು. ತೋಟಕ್ಕೆ ದೊಡ್ಡವರು ಯಾರೇ ಬರಲಿ, ಈ ತಟ್ಟೆಗಳ ಮುಂದೆ ನಿಲ್ಲಿಸಿ ವಿವರಿಸುವವನು ಅವನೇ. ಶುಕ್ರವಾರದ ತರಗತಿಯ ಕಡೆ ಮಾತ್ರ ಒಮ್ಮೆಯೂ ಹಾದವನಲ್ಲ.

"ಎಲ್ಲಿ ಸಹಿ ಮೇಡಂ? ಅಂಗಡ್ಯಾಗ ಗಿರಾಕಿ ಬಿಟ್ಟು ಬಂದೀನಿ."

"ಕುಂದರ್ರಿ. ಅವತ್ತು ಕುಂತಂಗ ಕುಂದರ್ರಿ. ಸಾಹೇಬರು ಇನ್ನೊಮ್ಮೆ ನೋಡು ಅಂದಾರ."

ಪಡುವಣ ತಟ್ಟೆಯ ಮುಂದಿನ ಕಲ್ಲುಬೆಂಚಿನಲ್ಲಿ ಅವನು ಕೂತ. ತಟ್ಟೆಗೆ ಮುಖ, ತೋಟಕ್ಕೆ ಬೆನ್ನು. ಆಚೆಯಿಂದ ಮೈಲಾರೇಶನ ದನಿ ಉಂಗುರದಲ್ಲಿ ಮೂಡಿತು. "ನಮಸ್ಕಾರ ರೀ ಕನಕರಾಜಣ್ಣ. ಊಟ ಆತ್ರೀ?"

"ಕೇಳಿಸ್ತಲ್ಲ?" ಎಂದು ಕನಕರಾಜ ಹೆಮ್ಮೆಯಿಂದ ತಲೆಯಾಡಿಸಿದ. "ಗಂಟಿ ಬಾರಿಸಿದಂಗ. ಅವತ್ತೂ ಹಿಂಗೇ ಕೇಳಿಸಿತ್ರಿ. ಪಾಪ, ಮೇಷ್ಟ್ರ ದನಿ ಇನ್ನಾ ಕಿವ್ಯಾಗ ಐತಿ."

"ನೀವು ಕೂತಾಗ ಹಿಂದ ತಿರುಗಿ ನೋಡಲಿಲ್ಲೇನು?"

"ಯಾಕ ನೋಡ್ಲಿ? ಕಿವಿ ಇಟ್ಟು ಕುಂತಿದ್ದೆ."

"ಕೂರೋ ಮುಂಚೆ ಆ ಕಡಿ ಏನಾದರೂ ಕಂಡಿತ್ತೇನು? ಮೂಡಣ ತಟ್ಟಿ ಹೆಂಗಿತ್ತು?"

"ತಟ್ಟಿ ತಟ್ಟಿ ಇದ್ದಂಗ ಇತ್ತು. ಇನ್ನು ಹೆಂಗಿರತೈತಿ ಮೇಡಂ?"

ಅವನ ಬೆನ್ನ ಹಿಂದೆ, ಹುಲ್ಲಿನ ಹಾಸಿನ ಆಚೆ, ಕೊಟ್ರಬಸಮ್ಮ ಗಂಟು ಬಿಚ್ಚಿ ಸೀರೆ ಕೊಡವುತ್ತಿದ್ದಳು.

"ಮತ್ತೊಮ್ಮೆ ಕೇಳ್ರಿ. ಮೈಲಾರೇಶ ಮಾತಾಡಾಕ ಹತ್ಯಾನ."

ಕನಕರಾಜ ಕಿವಿಯಾನಿಸಿದ. ಹುಬ್ಬು ಗಂಟಿಕ್ಕಿದ. "ಇಲ್ರಿ. ಸುಮ್ಮನಾಗ್ಯಾನ."

"ಸುಮ್ಮನಾಗಿಲ್ಲ. ತಿರುಗಿ ನೋಡ್ರಿ."

ಕನಕರಾಜ ತಿರುಗಿದ.

ಆಚೆ ತುದಿಯಲ್ಲಿ ಮೈಲಾರೇಶ ಕೈಬೀಸಿ ಬೀಸಿ ಮಾತಾಡುತ್ತಿದ್ದ. ಅವನ ಮುಂದೆ ತಟ್ಟೆ ಇರಲಿಲ್ಲ. ಕುಸುಬೆ ಹೂವಿನಂಥ ಕಿತ್ತಳೆ ಬಣ್ಣದ ಸೀರೆಯುಟ್ಟು, ಅಗಲವಾದ ಕೆಂಪು ಸೆರಗು ಹೊದ್ದ ದೇವಿಯೊಬ್ಬಳು ಬಿಸಿಲಲ್ಲಿ ನಿಂತಿದ್ದಳು.

"ಅವತ್ತು ಸಂಜಿಗೆ ಆ ತಟ್ಟಿ ಹಿಂಗಿತ್ತು ಕನಕರಾಜರ," ಎಂದಳು ಎರ್ರೆಮ್ಮ. ದನಿಯಲ್ಲಿ ಇಷ್ಟು ದಿನದ ಕಹಿಯೆಲ್ಲ ಇಳಿದಿತ್ತು. "ಹೆಂಗಸರು ಉಡಿಸಿದ್ರು. ಆ ಕಡಿಯಿಂದ ಒಂದು ಸೊಲ್ಲು ಈ ಕಡಿಗೆ ಬರಂಗಿರಲಿಲ್ಲ. ನೀವು ಇಲ್ಲಿ ಕೂತಿದ್ರೆ ಅದು ಕಣ್ಣಿಗೆ ಬೀಳಬೇಕಿತ್ತು. ನೀವು ಕೂತೇ ಇಲ್ಲ. ಕೇಳೇ ಇಲ್ಲ. ಆ ಮುದುಕರು ಊರ ಮಕ್ಕಳಿಗೆ ನಿಜ ತೋರಿಸಾಕ ಕಟ್ಟಿದ ಸಾಮಾನು ಹಿಡಿದು ಸುಳ್ಳು ಹೇಳಿದ್ರಿ. ನಾಚಿಕಿ ಬರಲಿಲ್ಲೇನು?"

ಕನಕರಾಜನ ಮುಖ ಸುಣ್ಣದಂತಾಗಿತ್ತು. ಸಿಕ್ಕಿಬಿದ್ದ ಕಳ್ಳರನ್ನು ಎರ್ರೆಮ್ಮ ಬೇಕಾದಷ್ಟು ನೋಡಿದ್ದಳು. ಅವರು ನೆಲ ನೋಡುತ್ತಾರೆ, ಇಲ್ಲವೇ ಎದುರಿದ್ದವರನ್ನು ನೋಡುತ್ತಾರೆ. ಇವನು ಅವಳ ಮಾತನ್ನು ಕೇಳಿಸಿಕೊಂಡಂತೆಯೇ ಇರಲಿಲ್ಲ. ಅವನು ಆ ಸೀರೆಯಿಂದ ಕಣ್ಣು ಕೀಳುತ್ತಿರಲಿಲ್ಲ.

ಆಗ ಅವಳಿಗೆ ಪಿನ್ನು ನೆನಪಾಯಿತು. ಜೇಬಿನಿಂದ ತೆಗೆದಳು. ಅದರಲ್ಲಿದ್ದ ಎಳೆ ಹಸಿರು.

"ಕೊಟ್ರಬಸಮ್ಮ!" ಎಂದು ಕೂಗಿದಳು. ಹೂವಿನವಳು ಹುಲ್ಲು ತುಳಿಯುತ್ತ ಓಡಿ ಬಂದಳು. "ನೀವು ಉಡಿಸಿದ ಸೀರಿ ಇದೇ ಏನು?"

ಕೊಟ್ರಬಸಮ್ಮ ಕೈ ಹಿಸುಕಿಕೊಂಡಳು. "ಅಲ್ರಿ. ನಾವು ಉಡಿಸಿದ್ದು ಹಸಿರುದು, ಎಲ್ಲಾರೂ ಕೂಡಿ ತಂದಿದ್ದು. ಮುಂಜಾನೆ ಬಂದು ನೋಡಿದ್ರ ದೇವಿ ಮೈಮ್ಯಾಲೆ ಈ ಸೀರಿ ಇತ್ತು. ಮಡಿಕಿ ಗೆರಿ ಇನ್ನಾ ಹೋಗಿರಲಿಲ್ಲ, ಹೊಸಾದು. ಯಾರೋ ಹರಕಿ ಹೊತ್ತವ್ರು ಬಂದು ಉಡಿಸಿ, ನಮ್ಮದು ಪ್ರಸಾದಂತ ಒಯ್ದಾರ ಅನ್ಕೊಂಡೆ. ನೆರಿಗಿ ನಮಗಿಂತ ಚೆಂದ ಹಿಡಿದಿದ್ರು."

ಎರ್ರೆಮ್ಮ ಕಲ್ಲುಬೆಂಚಿನ ಮೇಲೆ ಕೂತಳು.

ಹರಕೆಯಂತೆ, ಹರಕೆ. ಮೂಡಣ ತಟ್ಟೆಯಿಂದ ರಾಟೆ ಕುರ್ಚಿ ಕೂಗಳತೆಯೂ ದೂರವಿಲ್ಲ. ಮೇಷ್ಟ್ರ ತಲೆ ಒಡೆದಿತ್ತು, ಆದರೆ ಕಲ್ಲಿನ ಮೇಲೆ ರಕ್ತ ಅಷ್ಟೊಂದಿರಲಿಲ್ಲ. ಅದು ಅವಳಿಗೆ ಮೊದಲ ದಿನದಿಂದಲೂ ಕಾಡಿತ್ತು. ಯಾರೋ ಕೈಗೆ ಸಿಕ್ಕ ಬಟ್ಟೆ ಎಳೆದು ರಕ್ತಕ್ಕೆ ಒತ್ತಿದ್ದರು. ಕೈಗೆ ಸಿಕ್ಕದ್ದು ದೇವಿಯ ಸೀರೆ. ಎಳೆದ ರಭಸಕ್ಕೆ ಪಿನ್ನು ಸರಳಿನಲ್ಲೇ ಉಳಿಯಿತು.

ಆಮೇಲೆ ಆ ಕೈಗೆ ದೇವಿಯನ್ನು ಬತ್ತಲೆ ಬಿಟ್ಟುಹೋಗಲು ಆಗಲಿಲ್ಲ. ಪಕ್ಕದಲ್ಲಿ ಹೆಣ ಬಿದ್ದಿರುವಾಗಲೂ ನಿಂತು, ಉಡಿ ತುಂಬಲು ತಂದಿದ್ದ ಹೊಸ ಸೀರೆಯನ್ನು ಬಿಚ್ಚಿ, ನೆರಿಗೆ ಹಿಡಿದು ಉಡಿಸಿ ಹೋಗಿದೆ. ಫಿರೋಜನಿಗೆ ಸೀರೆಯ ನೆರಿಗೆ ಗೊತ್ತಿಲ್ಲ. ಈ ಗಂಜಿ ಅಂಗಿಯವನಿಗೂ ಗೊತ್ತಿಲ್ಲ.

"ಯಾರ ಸೀರಿ ಕನಕರಾಜ?" ಈಗ ಅವಳ ಮಾತಿನಲ್ಲಿ ಮರ್ಯಾದೆ ಉಳಿದಿರಲಿಲ್ಲ.

"ದಾವಣಗೆರಿಂದ ತಂದಿದ್ದೆ," ಎಂದ ಕನಕರಾಜ. "ಹಬ್ಬಕ್ಕ. ಆಕಿ ಉಡಲಿಲ್ಲ. ದೇವಿಗೆ ಕೊಡ್ತೀನಿ ಅಂದ್ಳು. ಯಾವ ದೇವಿ ಅಂತ ನನಗೇನು ಗೊತ್ತಿತ್ತು?"

"ಪುಷ್ಪಲತಾ."

"ಅವತ್ತು ಕೈಯೆಲ್ಲ ರಕ್ತ ಮಾಡ್ಕೊಂಡು ಬಂದ್ಳು ಮೇಡಂ. ಏನೂ ಹೇಳಲಿಲ್ಲ. ಮೇಷ್ಟ್ರು ಬಿದ್ರು ಅಂದ್ಳು, ಅಷ್ಟ. ಯಾಕ, ಹೆಂಗ ಅಂತ ನಾನು ಕೇಳಲಿಲ್ಲ. ಕೇಳಿದ್ರ ಆಕಿ ಹೇಳಿಬಿಟ್ಟಾಳು ಅಂತ ಹೆದರಿಕಿ. ಮುಂಜಾನೆ ಎದ್ದು, ಯಾರ ತಲಿ ಮ್ಯಾಲೆ ಹಾಕಿದ್ರ ಊರು ನಂಬತೈತಿ ಅಂತ ವಿಚಾರ ಮಾಡಿದೆ."

"ಫಿರೋಜನ ತಲಿ ಮ್ಯಾಲೆ ಹಾಕಿದ್ರ ನಂಬತೈತಿ."

"ಹೌದ್ರಿ," ಎಂದ ಕನಕರಾಜ. ಅದಕ್ಕೆ ಅವನು ನಾಚಿದಂತೆಯೂ ಕಾಣಲಿಲ್ಲ. ಎರ್ರೆಮ್ಮನಿಗೆ ಉಗಿಯಬೇಕೆನಿಸಿತು, ಮೇಷ್ಟ್ರ ತೋಟವೆಂದು ಸುಮ್ಮನಾದಳು.

ಬುತ್ತಿ ನೆನಪಾಯಿತು. ದಿನವೂ ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಲೆ, ಮೇಲೆ ಶೇಂಗಾ ಚಟ್ನಿ. ಆ ಬುತ್ತಿಯನ್ನು ಬಿಚ್ಚಿ ನೋಡಿ ಒಳಗೆ ಕಳಿಸುತ್ತಿದ್ದವಳು ತಾನೇ. 'ನೀವು ದೊಡ್ಡ ಮನಸ್ಸಿನವ್ರು ಬಿಡ್ರಿ' ಎಂದು ಆ ಹೆಂಗಸಿನ ಕೈ ಹಿಡಿದು ಹೇಳಿದ್ದವಳೂ ತಾನೇ. ಈಗ ತನ್ನ ಕೈಯನ್ನು ಅಂಗಿಗೆ ಒರೆಸಿಕೊಂಡಳು.

ಇರಲಿ. ಸಾಕ್ಷಿ ಮುರಿದುಬಿದ್ದಿತ್ತು. ಇಷ್ಟು ಸಾಕು ಫಿರೋಜನಿಗೆ. ನಜಮುನ್ನೀಸಾ ಇವತ್ತು ಬೆಂಚಿನಿಂದ ಏಳಬಹುದು. ಎರ್ರೆಮ್ಮ ಠಾಣೆಗೆ ಫೋನ್ ಹಚ್ಚಿದಳು.

"ಸಾಹೇಬರಿಗೆ ಕೊಡು. ಫಿರೋಜನ ಮ್ಯಾಲಿನ ಸಾಕ್ಷಿ ಸುಳ್ಳು."

"ಮೇಡಂ, ನಾನೇ ನಿಮಗೆ ಹಚ್ಚಾಕ ಹತ್ತಿದ್ದೆ," ಎಂದ ಠಾಣೆಯ ರೈಟರ್. "ಫಿರೋಜ ಒಪ್ಪಿಕೊಂಡಾನ್ರಿ."

"ಏನಂದಿ?"

"'ನಾನೇ ಬೋಲ್ಟು ಬಿಚ್ಚೀನಿ, ನಾನೇ ಕೊಂದೀನಿ, ಬರ್ಕೊಳ್ರಿ' ಅಂತ ಕಂಬಿಗೆ ತಲಿ ಬಡ್ಕೊಳ್ಳಾಕ ಹತ್ಯಾನ. ಇಲ್ಲಿ ಹೇಳಿದ್ದು ನಡಿಯಂಗಿಲ್ಲಂದ್ರ ನಾಳಿ ಜಡ್ಜ್ ಸಾಹೇಬರ ಮುಂದೂ ಇದನ್ನೇ ಹೇಳ್ತೀನಿ ಅಂತಾನ. ಅವರವ್ವ ಇಲ್ಲಿ ಎಚ್ಚರ ತಪ್ಪಿ ಬಿದ್ದಾಳ್ರಿ."

ಎರ್ರೆಮ್ಮ ಬೆಂಚಿನಿಂದ ಎದ್ದಳು. "ಯಾರು ಬಂದಿದ್ರು?"

"ಯಾರೂ ಇಲ್ರಿ. ಪುಷ್ಪಲತಕ್ಕ ಬುತ್ತಿ ತಂದಿದ್ರು, ದಿನಾ ತಂದಂಗ. ಇವತ್ತು ಜರೀನಾನೂ ಕರ್ಕೊಂಡು ಬಂದಿದ್ರು. ಕೂಸಿನ ತಲಿ ಮ್ಯಾಲೆ ಕೈಯಿಟ್ಕೊಂಡು ಕಂಬಿ ಮುಂದ ನಿಂತು, 'ಸಾಲಿ ಸೂಟಿ ಐತಿ, ಇಕಿಗೆ ಗುಡ್ಡ ತೋರಿಸ್ಕೊಂಡು ಬರ್ತೀನಿ ಫಿರೋಜಣ್ಣ, ನೀವು ಏನೂ ಚಿಂತಿ ಮಾಡಬ್ಯಾಡ್ರಿ' ಅಂದ್ರು. ಅಷ್ಟ ಮಾತು. ಕೂಸು ಅಪ್ಪಗ ಟಾಟಾ ಮಾಡಿ ಹೋತು. ಆಕಿ ಬಾಗಿಲು ದಾಟಿದ್ದೇ ತಡ, ಇವನು ಚೀರಾಕ ಹತ್ತಿದ."

ಫೋನು ಕಿವಿಯಲ್ಲೇ ಇತ್ತು. ಅದು ಬೆದರಿಕೆಯೆಂದು ಫಿರೋಜನಿಗೆ ತಿಳಿದಿತ್ತು, ಮಗಳು ಉಳಿಯಲೆಂದೇ ತಪ್ಪು ಹೊತ್ತಿದ್ದ. ಎರ್ರೆಮ್ಮ ಕನಕರಾಜನ ಕಡೆ ತಿರುಗಿದಳು. ದೇವಿ ಉಟ್ಟ ಸೀರೆಯನ್ನು ಯಾವ ಹೆಂಗಸೂ ಸುಡುವುದಿಲ್ಲ, ತಿಪ್ಪೆಗೆ ಎಸೆಯುವುದಿಲ್ಲ. ರಕ್ತ ಹತ್ತಿದ್ದರೂ ಅದನ್ನು ಇನ್ನೊಬ್ಬ ದೇವಿಯ ಮುಂದೆಯೇ ಹಾಕಿ ಕೈ ಮುಗಿಯಬೇಕು.

"ನಿನ್ನ ಹೆಂಡ್ತಿ ಎಲ್ಲಿಗೆ ಹೋಗ್ಯಾಳ?"

"ಉಚ್ಚಂಗಿದುರ್ಗಕ್ಕ. ಉಚ್ಚಂಗೆಮ್ಮಗ ಸೀರಿ ಮುಟ್ಟಿಸಿ ಬರ್ತೀನಿ ಅಂದ್ಳು," ಎಂದ ಕನಕರಾಜ. ಆ ಕಡಿದಾದ ಬಂಡೆಯ ಕೋಟೆ ಎರ್ರೆಮ್ಮನ ಕಣ್ಣ ಮುಂದೆ ಬಂತು.

"ಕೂಸಿನ ವಿಚಾರ ಏನಂದ್ಳು?"

ಕನಕರಾಜ ಹಣೆಯ ಬೆವರು ಒರೆಸಿಕೊಂಡ. ಈಗಷ್ಟೇ ಆ ಮಾತಿನ ಅರ್ಥ ಅವನಿಗೂ ಹೊಳೆಯತೊಡಗಿತ್ತು.

"'ರಾತ್ರಿಗೆ ನಮ್ಮಿಬ್ಬರಿಗೇ ಅಡಗಿ ಸಾಕು' ಅಂದ್ಳು ಮೇಡಂ. 'ಕೂಸು ಬರಂಗಿಲ್ಲ' ಅಂದ್ಳು."